ಮೂಡಗಾಳಿಯ ದಿನಗಳಿಗೆ ಜೇನು ಮತ್ತು ಎಣ್ಣೆ

ದೀಪಾವಳಿ ಕಳೆದು ಮೂಡಗಾಳಿ ಬೀಸತೊಡಗಿತೆಂದರೆ, ಧಾರವಾಡದಿಂದ ಗದಗಿನವರೆಗಿನ ಎರೆಸೀಮೆಯಲ್ಲಿ ತುಟಿ ಒಡೆಯುತ್ತವೆ, ಮೊಣಕೈ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ಹಿಮ್ಮಡಿ ಬಿರಿಯುತ್ತದೆ. ಈ ದಿನಗಳಲ್ಲಿ ನಮ್ಮ ಬಳಗದ ಹೆಣ್ಣುಮಕ್ಕಳು ಜೇನುತುಪ್ಪದ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಮೈಬಣ್ಣ ಬಿಳುಪಾದೀತೆಂಬ ಆಸೆಯಿಂದ ಕೇಳುವವರಿಗೆ ನಾನು ಇಲ್ಲವೆಂದೇ ಹೇಳುತ್ತೇನೆ. ಜೇನಿನ ಕೆಲಸ ಚರ್ಮದಲ್ಲಿ ನೀರನ್ನು ಹಿಡಿದಿಡುವುದು. ಹಾಗೆ ಹಿಡಿದ ನೀರು ನಮ್ಮ ಒಣಹವೆಯಲ್ಲಿ ಉಳಿಯಬೇಕಾದರೆ ಅದರ ಬೆನ್ನಿಗೆ ಎಣ್ಣೆ ಬೇಕೇ ಬೇಕು.

ಜೇನಿನಲ್ಲಿ ಶೇ. 80ರಷ್ಟು ಸಕ್ಕರೆಯೇ ಇರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಇಷ್ಟು ಸಕ್ಕರೆಗೆ ಅದರಲ್ಲಿರುವ ನೀರು ಸಾಲದಾದ್ದರಿಂದ, ಹತ್ತಿರದಲ್ಲಿ ಎಲ್ಲಿ ತೇವವಿದ್ದರೂ ಜೇನು ಅದನ್ನು ಎಳೆದುಕೊಳ್ಳುತ್ತದೆ. ಆದ್ದರಿಂದಲೇ ಒಣಗಿದ ಮುಖಕ್ಕೆ ನೇರವಾಗಿ ದಪ್ಪಗೆ ಬಳಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮುಖವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸದೆ, ಒಂದು ಚಮಚ ಜೇನಿಗೆ ನಾಲ್ಕಾರು ಹನಿ ನೀರು ಸೇರಿಸಿ ತೆಳುವಾಗಿ ಸವರಬೇಕು. ಹದಿನೈದು ನಿಮಿಷ ಬಿಟ್ಟು ತೊಳೆದ ಮೇಲೆ, ಚರ್ಮ ಇನ್ನೂ ಹಸಿಯಾಗಿರುವಾಗಲೇ, ಅಂಗೈಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ತಿಕ್ಕಿಕೊಂಡು ಮುಖಕ್ಕೆ ಒತ್ತಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರೇ ‘ಜೇನು ಹಚ್ಚಿದರೂ ಮೈ ಬಿಗಿಯುತ್ತದೆ’ ಎನ್ನುತ್ತಾರೆ. ಹಿಮ್ಮಡಿಗೂ ಇದೇ ಕ್ರಮ. ಅಲ್ಲಿ ಎಣ್ಣೆಯ ಬದಲು ತುಪ್ಪ ಸವರಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಚರ್ಮ ಮೆತ್ತಗಾಗಿರುತ್ತದೆ.

ಪಿಎಚ್ ಎಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಜೇನಿನ ಪಿಎಚ್ ಸುಮಾರು 4, ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ಎರಡೂ ಹುಳಿಯ ಕಡೆಗೇ ಇರುವುದರಿಂದ ಸಾಬೂನು ಕೆಡಿಸುವ ಹಾಗೆ ಜೇನು ಚರ್ಮದ ಸಹಜ ಗುಣವನ್ನು ಕೆಡಿಸುವುದಿಲ್ಲ. ಆದರೆ ಅದಕ್ಕೆ ನಿಂಬೆರಸ ಬೆರೆಸುವ ರೂಢಿಯನ್ನು ದಯವಿಟ್ಟು ಬಿಡಿ. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿರುತ್ತದೆ. ಸಾಲದ್ದಕ್ಕೆ ಅದು ಅಂಟಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತಾಗಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು. ಬಿಳುಪಾಗಲೆಂದು ಹಚ್ಚಿಕೊಂಡ ಎಳೆಯ ಹುಡುಗಿಯರ ಕೆನ್ನೆಯ ಮೇಲೆ ಅಂಥ ಕಲೆ ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕೂದಲಿನ ಮಾತು ಬಂದರೆ ಎಲ್ಲರದೂ ಒಂದೇ ಅಂಜಿಕೆ: “ಜೇನ ಹಚ್ಚಿದ್ರ ಕೂದ್ಲ ಬೆಳ್ಳಗ ಆಗ್ತಾವಂತಲ್ಲಾ, ಖರೇನ ಏನವ್ವಾ?” ಖರೆಯಲ್ಲ. ನೀರು ಬೆರೆತಾಗ ಜೇನಿನಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದಿಂದ, ಕೂದಲಿನ ಬಣ್ಣ ತೆಗೆಯಬಲ್ಲ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುವುದು ನಿಜ, ಆದರೆ ಅದರ ಪ್ರಮಾಣ ಅತ್ಯಲ್ಪ. ನರೆ ಬರುವುದು ಕೂದಲಿನ ಬುಡದಲ್ಲಿ ಬಣ್ಣ ತಯಾರಾಗುವುದು ನಿಂತಾಗ; ಹೊರಗಿನಿಂದ ಹಚ್ಚಿ ಅರ್ಧ ಗಂಟೆಯಲ್ಲಿ ತೊಳೆಯುವ ಜೇನು ಅಲ್ಲಿಗೆ ಕೈಹಾಕುವುದಿಲ್ಲ. ಅದೇ ಕಾರಣಕ್ಕೆ ಅದು ಕೂದಲನ್ನು ಉದ್ದ ಬೆಳೆಸಲಾರದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಒರಟಾದ ಕೂದಲನ್ನು ಮೆತ್ತಗಾಗಿಸಲು ಎರಡು ಚಮಚ ಜೇನನ್ನು ಒಂದು ಚೊಂಬು ನೀರಿನಲ್ಲಿ ಕರಗಿಸಿ, ತಲೆ ತೊಳೆದ ಮೇಲೆ ಸುರಿದುಕೊಂಡು, ಸ್ವಲ್ಪ ಹೊತ್ತಿನ ನಂತರ ಬರಿ ನೀರಿನಲ್ಲಿ ತೊಳೆದರೆ ಸಾಕು.

ತುರಿಕೆಯ ತಲೆಹೊಟ್ಟಿಗೆ ಮಾತ್ರ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30 ರೋಗಿಗಳಿಗೆ, ಹತ್ತರಲ್ಲಿ ಒಂದು ಪಾಲು ಬೆಚ್ಚಗಿನ ನೀರು ಬೆರೆಸಿದ ಹಸಿ ಜೇನನ್ನು ದಿನ ಬಿಟ್ಟು ದಿನ ತಿಕ್ಕಿ, 3 ಗಂಟೆ ಬಿಟ್ಟು ತೊಳೆಯಲು ಹೇಳಲಾಗಿತ್ತು. ವಾರದೊಳಗೆ ತುರಿಕೆ ಇಳಿಯಿತು, ಹೊಟ್ಟು ಹೋಯಿತು. ಮುಂದೆ ವಾರಕ್ಕೊಮ್ಮೆ ಹಚ್ಚುತ್ತ ಬಂದವರಿಗೆ ಅದು ಮರಳಲಿಲ್ಲ. ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರಿಗೆ ಮರಳಿತು. ಸಣ್ಣ ಅಧ್ಯಯನವೇ ಆದರೂ ಪ್ರಯತ್ನಿಸಲು ಯೋಗ್ಯವೆಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಸೂರ್ಯಕಾಂತಿ ಜೇನು ಚಳಿಗಾಲದಲ್ಲಿ ಬೇಗ ಹರಳುಗಟ್ಟುತ್ತದೆ. ಬಾಟಲಿಯ ತಳದಲ್ಲಿ ರವೆಯಂತೆ ನಿಂತದ್ದನ್ನು ಕಂಡು ‘ಸಕ್ಕರೆ ಕಲಸ್ಯಾರ’ ಎಂದು ಚೆಲ್ಲಬೇಡಿ. ಅದರಲ್ಲಿ ಗ್ಲೂಕೋಸ್ ಹೆಚ್ಚಿರುವುದರಿಂದ ಹಾಗಾಗುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟರೆ ಮತ್ತೆ ಕರಗುತ್ತದೆ. ಒಲೆಯ ಮೇಲಿಟ್ಟು ಕಾಯಿಸಿದರೆ ಮೇಲೆ ಹೇಳಿದ ಕಿಣ್ವ ನಾಶವಾಗುತ್ತದೆ.

ಪರಾಗದ ಅಲರ್ಜಿ ಇರುವವರು ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ಒಂದು ವರ್ಷ ತುಂಬದ ಕೂಸಿನ ತುಟಿಗೆ ಜೇನು ಸವರಲೇಬಾರದು, ಏಕೆಂದರೆ ಅದರಲ್ಲಿರಬಹುದಾದ, ಸ್ನಾಯುಗಳ ಬಲ ಕುಂದಿಸುವ ಬಾಟುಲಿಸಂ ಎಂಬ ಕಾಯಿಲೆಯ ರೋಗಾಣುವಿನ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆಯಬಲ್ಲವು. ಇನ್ನು ಸಕ್ಕರೆ ಕಾಯಿಲೆಯವರ ಹಿಮ್ಮಡಿ ಸೀಳಿ ರಕ್ತ ಬರುತ್ತಿದ್ದರೆ ಅಡುಗೆಮನೆಯ ಜೇನನ್ನು ಅದಕ್ಕೆ ಮುಟ್ಟಿಸದೆ ವೈದ್ಯರಿಗೆ ತೋರಿಸಬೇಕು. ಆಸ್ಪತ್ರೆಗಳಲ್ಲಿ ಗಾಯಕ್ಕೆ ಬಳಸುವ ಜೇನು ಗಾಮಾ ಕಿರಣಗಳಿಂದ ಶುದ್ಧೀಕರಿಸಿದ್ದಾಗಿರುತ್ತದೆ, ನಮ್ಮ ಬಾಟಲಿಯದು ಹಾಗಲ್ಲ.