ಜೇಬಿನಲ್ಲೇ ಒಗೆದುಹೋದ ಬಿಲ್ಲು

ಕಳೆದ ಮಾರ್ಚ್‌ನಲ್ಲಿ ಚಿತ್ರದುರ್ಗದ ನೆಂಟರ ಮನೆಯಿಂದ ಬೆಂಗಳೂರಿಗೆ ಹಿಂತಿರುಗುವಾಗ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ತಿಂಡಿಗೆ ಇಳಿದೆವು. ನಾನು ಇಡ್ಲಿ ತಿಂದೆ, ಅಮ್ಮ ಮೊಸರು ವಡೆ ತರಿಸಿಕೊಂಡರು. ಮೊದಲ ಚಮಚಕ್ಕೇ ಮುಖ ಕಿವುಚಿ, "ಯಾಕೋ ಹುಳಿ ಜಾಸ್ತಿ ಕಣೋ" ಎಂದರು. ಬಟ್ಟಲಿನ ಅಂಚಿನಲ್ಲಿ ಮೊಸರು ಸಣ್ಣಗೆ ನೊರೆಗಟ್ಟಿತ್ತು. ಆದರೂ ತಿನ್ನುವ ಪದಾರ್ಥವನ್ನು ಚೆಲ್ಲಬಾರದೆಂದು ನಂಬಿ ಬೆಳೆದವರು, ಬಟ್ಟಲು ಖಾಲಿ ಮಾಡಿಯೇ ಎದ್ದರು. ಅಂದು ರಾತ್ರಿ ಶುರುವಾದ ವಾಂತಿಭೇದಿಗೆ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು.

ಕೇಸು ಹಾಕಿಯೇ ತೀರುತ್ತೇನೆಂದು ನಮ್ಮ ಬೀದಿಯ ವಕೀಲರ ಬಳಿ ಹೋದೆ. ರುಚಿ ಕೆಟ್ಟಿದ್ದರೆ ಅದು ಹೋಟೆಲಿನವರೊಂದಿಗೆ ಜಗಳವಾಡುವ ವಿಷಯವೇ ಹೊರತು ದಾವೆಯ ವಿಷಯವಲ್ಲ, ಆಹಾರ ಅಸುರಕ್ಷಿತವಾಗಿತ್ತು ಮತ್ತು ಅದರಿಂದಲೇ ಕಾಯಿಲೆ ಬಂತು ಎಂಬುದನ್ನು ತೋರಿಸಬೇಕು ಎಂದು ಅವರು ಮೊದಲೇ ಹೇಳಿಬಿಟ್ಟರು. ದಾರಿಯೇನೋ ಸುಲಭವಾಗಿಯೇ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಹೋಟೆಲು ಯಾವ ಜಿಲ್ಲೆಯಲ್ಲಿದ್ದರೂ ನಾವು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಮು ಆಹಾರದಿಂದ ತೊಂದರೆಗೊಳಗಾದವರಿಗೆ ಪರಿಹಾರ ಕೊಡಿಸುತ್ತದೆ: ಸಾಮಾನ್ಯ ಹಾನಿಗೆ 1 ಲಕ್ಷದವರೆಗೆ, ತೀವ್ರ ಹಾನಿಗೆ 3 ಲಕ್ಷದವರೆಗೆ, ಸಾವು ಸಂಭವಿಸಿದರೆ 5 ಲಕ್ಷಕ್ಕೆ ಕಡಿಮೆಯಿಲ್ಲದಂತೆ.

"ಬಿಲ್ಲು ತನ್ನಿ" ಎಂದರು. ಅದು ನನ್ನ ಶರ್ಟಿನ ಜೇಬಿನಲ್ಲಿತ್ತು, ಶರ್ಟು ಎರಡು ಸಲ ವಾಷಿಂಗ್ ಮಷಿನ್‌ಗೆ ಬಿದ್ದಿತ್ತು. ಹೊರತೆಗೆದಾಗ ಸಿಕ್ಕಿದ್ದು ಹತ್ತಿಯಂತಹ ಬಿಳಿಯ ಉಂಡೆ. ಹೋಟೆಲಿನವರು ಬಿಲ್ಲಿನ ಮೇಲೆ ಮುದ್ರಿಸಲೇಬೇಕಾದ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಅದರೊಂದಿಗೇ ಹೋಗಿತ್ತು. ಮೊಬೈಲಿನ ಯುಪಿಐ ದಾಖಲೆ ಹಣ ಕೊಟ್ಟದ್ದನ್ನು ಹೇಳುತ್ತಿತ್ತು, ತಿಂದದ್ದನ್ನು ಹೇಳುತ್ತಿರಲಿಲ್ಲ. ಡಿಸ್ಚಾರ್ಜ್ ಹಾಳೆಯಲ್ಲಿ ಕಾಯಿಲೆಯ ಹೆಸರಿತ್ತು, ಕಾರಣವಿರಲಿಲ್ಲ. ಅಂದು ಬೆಳಿಗ್ಗೆ ನೆಂಟರ ಮನೆಯಲ್ಲಿ ಅಮ್ಮ ಚಿತ್ರಾನ್ನ ತಿಂದದ್ದನ್ನು ನಾನೇ ಬಾಯಿತಪ್ಪಿ ಹೇಳಿದೆ; ವಕೀಲರು ಪೆನ್ನು ಕೆಳಗಿಟ್ಟು, ಎದುರು ಪಕ್ಷದವರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ ಎಂದರು.

ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಕೊಳ್ಳುವವನಿಗೂ ಇದೆ, ಆದರೆ ಕೊಳ್ಳುವಾಗಲೇ ಆ ಉದ್ದೇಶವನ್ನು ಮಾರುವವರಿಗೆ ತಿಳಿಸಬೇಕು. ಒಂದು ಪ್ಲೇಟ್ ಮೊಸರು ವಡೆ ಕೊಡಿ, ಲ್ಯಾಬಿಗೂ ಕಳಿಸುವವನಿದ್ದೇನೆ ಎಂದು ಮಾಣಿಗೆ ಹೇಳುವ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಆ ಕ್ಷಣದಲ್ಲಿ ಬಟ್ಟಲಿನ ಒಂದು ಫೋಟೊ ತೆಗೆದು, ಮ್ಯಾನೇಜರನ್ನು ಕರೆದು ತೋರಿಸಿದ್ದರೂ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಕೊನೆಗೆ, ಹೋಟೆಲಿನ ಅಡುಗೆಮನೆಯನ್ನು ಪರಿಶೀಲಿಸಬೇಕೆಂದು ಆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕಳುಹಿಸಿದೆ. ಆಯೋಗಕ್ಕೆ ಕೊಡಬೇಕಾದ ಅರ್ಜಿ ಅಮ್ಮನ ಸಹಿಗಾಗಿ ಕಾಯುತ್ತಿದೆ. "ಹುಳಿಯಾಗಿದೆ ಅಂತ ಗೊತ್ತಿದ್ದೂ ತಿಂದವಳು ನಾನೇ, ಅಲ್ಲಿ ಹೋಗಿ ಅದನ್ನೂ ಹೇಳಬೇಕಲ್ಲ" ಎಂಬುದು ಅವರ ವಾದ. ಗಡುವಿಗೆ ಇನ್ನೂ ಹದಿನಾಲ್ಕು ತಿಂಗಳಿದೆ.