ಗೀರುಗಳನ್ನು ಓದಿದ ಮಾವ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ಮಾವನ ಮನೆಯಲ್ಲಿ 'ಮೆಟ್ರೊಪೊಲಿಸ್' ನೋಡಿದೆವು. ಜರ್ಮನಿಯ ಫ್ರಿಟ್ಜ್ ಲ್ಯಾಂಗ್ 1927ರಲ್ಲಿ ತೆರೆಗೆ ತಂದ ಮೂಕಿ ಚಿತ್ರ. ಮೂರು ದಿನದಿಂದ ಮಳೆ ಹೊಯ್ಯುತ್ತಿದ್ದರೂ ಪುಣ್ಯಕ್ಕೆ ಕರೆಂಟ್ ಇತ್ತು. ಮಾವ ಹರೆಯದಲ್ಲಿ ಟೆಂಟ್ ಟಾಕೀಸಿನ ಆಪರೇಟರ್ ಆಗಿದ್ದವರು. ಅವರ ಪಕ್ಕ ಕೂತು ಈ ಚಿತ್ರ ನೋಡಬೇಕು ಅಂತ ನನಗೆ ಬಹಳ ಆಸೆಯಿತ್ತು.

ಸ್ವಲ್ಪ ಹೊತ್ತು ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಒಂದು ಕಡೆ ಥಟ್ಟನೆ ಮಸುಕಾಯಿತು. ಮೇಲಿಂದ ಕೆಳಗೆ ಸಾಲು ಸಾಲು ಗೀರು. ಅಂಚಿನಲ್ಲಿ ಕಪ್ಪು ಪಟ್ಟಿ. ಮಾವ ಕುರ್ಚಿಯಿಂದ ಮುಂದೆ ಬಾಗಿದರು.

"ನಿಲ್ಸು ಮಾರಾಯ. ಇದು ಬೇರೆ ಪ್ರಿಂಟು. ಪ್ರೊಜೆಕ್ಟರಲ್ಲಿ ಫಿಲ್ಮು ಹಾದು ಹೋಗೋ ಗೇಟಲ್ಲಿ ಧೂಳು ಕೂತ್ರೆ ಹೀಗೇ ಗೀರು ಬೀಳೋದು. ಎಷ್ಟು ಶೋ ಓಡಿದೆಯೋ ಏನೋ!"

ನಾನಿನ್ನೂ ಏನೂ ಹೇಳಿರಲಿಲ್ಲ. ಮೊದಲ ಪ್ರದರ್ಶನದ ನಂತರ ಈ ಚಿತ್ರಕ್ಕೆ ಕತ್ತರಿ ಬಿತ್ತು. ತೆಗೆದ ಭಾಗ ಕಳೆದೇ ಹೋಯಿತು ಅಂದುಕೊಂಡಿದ್ದರು. ಆದರೆ ಕತ್ತರಿ ಬೀಳದ ಒಂದು ಪ್ರಿಂಟ್ ಅರ್ಜೆಂಟೀನಾ ಸೇರಿತ್ತು. ಅದರಿಂದ ಮಾಡಿದ 16 ಎಂಎಂ ಪ್ರತಿ 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಪತ್ತೆಯಾಯಿತು. ಸುಮಾರು 25 ನಿಮಿಷದ ದೃಶ್ಯಗಳು ವಾಪಸ್ ಬಂದವು. ಆದರೆ ಅಗಲವಾದ 35 ಎಂಎಂ ಫಿಲ್ಮಿನಿಂದ ಈ ಸಣ್ಣ ಫಿಲ್ಮಿಗೆ ಇಳಿಸುವಾಗ ಹಳೇ ಪ್ರಿಂಟಿನ ಗೀರು, ಕೊಳೆ ಎಲ್ಲ ಚಿತ್ರದೊಳಗೇ ಅಚ್ಚಾಗಿದ್ದವು. ಫಿಲ್ಮಿನ ಮೇಲಿನ ಕೊಳೆಯಾದರೆ ತೊಳೆಯಬಹುದು, ಇದನ್ನೇನು ಮಾಡೋದು? ಫ್ರೇಮಿನ ಅಂಚೂ ಒಂದಿಷ್ಟು ಹೋಗಿತ್ತು. ಕಪ್ಪು ಪಟ್ಟಿ ಅದಕ್ಕೇ.

ನನಗಂತೂ ಆ ಗೀರುಗಳು ಇರುವುದೇ ಸರಿ ಅನ್ನಿಸಿತು. ಯಾವುದು ಕಳೆದುಹೋಗಿತ್ತು, ಎಷ್ಟು ಜನ ಅದನ್ನು ನೋಡಿದ್ದರು ಅನ್ನುವುದು ಪರದೆಯ ಮೇಲೇ ಕಾಣುತ್ತದೆ, ಅಲ್ವಾ?

"ನಮ್ಮವು ಯಾಕೆ ಹೀಗೆ ಸಿಗಲ್ಲ?" ಅಂದರು ಮಾವ. ಭಾರತದಲ್ಲಿ 1,300ರಷ್ಟು ಮೂಕಿ ಚಿತ್ರಗಳು ಬಂದವು. ಉಳಿದದ್ದು ಬೆರಳೆಣಿಕೆಯಷ್ಟು. ಫಾಲ್ಕೆಯವರ 1913ರ 'ರಾಜಾ ಹರಿಶ್ಚಂದ್ರ' ಕೂಡ ಪೂರ್ತಿ ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲ್ಮಿಗೆ ಬೆಂಕಿ ಬೇಗ ಹತ್ತುತ್ತಿತ್ತು. ಓಡುವುದು ನಿಂತ ರೀಲುಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಆಮೇಲೆ ಬಂದ ಅಸಿಟೇಟ್ ಫಿಲ್ಮಿಗೆ ನಮ್ಮ ಮಲೆನಾಡಿನ ತೇವದ ಹವೆಯೇ ಶತ್ರು. ತೇವಕ್ಕೆ ಅದು ಹುಳಿಯತೊಡಗುತ್ತದೆ. ಡಬ್ಬಿ ತೆಗೆದರೆ ವಿನೆಗರ್ ವಾಸನೆ.

ಆ ವಾಸನೆ ಮಾವನಿಗೆ ಚೆನ್ನಾಗಿ ಗೊತ್ತು. "ಒಂದು ಡಬ್ಬಿಗೆ ಹತ್ತಿದ್ರೆ ಪಕ್ಕದ್ದಕ್ಕೂ ಹತ್ತುತ್ತೆ, ಬೇರೆ ಇಡ್ಬೇಕು" ಅಂದವರು ಸುಮ್ಮನಾದರು. ಆಮೇಲೆ ಎದ್ದು ಸಾಗರದ ಕಡೆಯ ಹಳೇ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದರು. ಅವರ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಟೆಂಟ್ ಕಾಲದ ಡಬ್ಬಿಗಳು ಇವೆಯಂತೆ. ಒಳಗೆ ಏನಿದೆ ಅಂತ ಈವರೆಗೆ ಯಾರೂ ನೋಡಿಲ್ಲ.

"ಗುಜರಿಗೆ ಹಾಕ್ಬೇಡ ಮಾರಾಯ, ಬಿಸಿಲು ಬಿದ್ದ ಮೇಲೆ ನಾವೇ ಬರ್ತೀವಿ" ಅಂದರು. ಹಳೇ ಚಿತ್ರ ಏನಾದರೂ ಸಿಕ್ಕರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯುವುದು ಅಂತ ಮಾತಾಗಿದೆ.