ಅಲಿ ಎಷ್ಟು ಸಲ ಸೋತದ್ದು?

ಮಂಗಳೂರಿನಲ್ಲಿ ಬಾಕ್ಸಿಂಗ್ ಕಲಿಯಲು ಬರುವ ಹುಡುಗರು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಲೇ ಕೇಳುವ ಪ್ರಶ್ನೆ: "ಸರ್, ಮಹಮ್ಮದ್ ಅಲಿ ಸೋತದ್ದುಂಟಾ?" ಉಂಟು ಮಾರಾಯ್ರೆ. 61 ಪಂದ್ಯಗಳಲ್ಲಿ 5 ಸಲ. ಆದರೆ ಐದನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮೊದಲ ಎರಡರಲ್ಲಿ ಎದುರಾಳಿಗಳು ಅವನ ಆಟದ ತೂತು ಹುಡುಕಿದ್ದರು. ಉಳಿದ ಮೂರರಲ್ಲಿ ಸೋತದ್ದು ಅವನ ಕಾಲು.

ಮೊದಲನೆಯದು 1971ರ ಮಾರ್ಚ್ 8ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಜೋ ಫ್ರೇಜಿಯರ್ ಎದುರು. ಸೇನೆ ಸೇರಲು ಒಪ್ಪದೆ ಮೂರೂವರೆ ವರ್ಷ ರಿಂಗ್‌ನಿಂದ ಹೊರಗುಳಿದಿದ್ದ ಅಲಿ, ಮರಳಿದ ಮೇಲೆ ಆಡಿದ್ದು ಎರಡೇ ಪಂದ್ಯ. ಬಲಗೈಯಲ್ಲಿ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬೀಸುವ ಏಟು) ಹೊಡೆಯಹೊರಟಾಗ ಅವನ ಕೈ ಕೆಳಗಿಳಿಯುತ್ತಿತ್ತು, ಬಲ ದವಡೆ ಬಯಲಾಗುತ್ತಿತ್ತು. ಫ್ರೇಜಿಯರ್ ಪಾಳಯದ ತರಬೇತುದಾರ ಎಡ್ಡಿ ಫಚ್ ಇದನ್ನು ಗುರುತಿಸಿದ್ದರು. ಆ ದವಡೆಗೆ ನೇರ ದಾರಿ ಲೆಫ್ಟ್ ಹುಕ್, ಅಂದರೆ ಎಡಗೈ ಬಾಗಿಸಿ ಪಕ್ಕದಿಂದ ಬೀಸುವ ಏಟು. ಫ್ರೇಜಿಯರ್‌ನ ದೊಡ್ಡ ಅಸ್ತ್ರವೂ ಅದೇ. 15ನೇ ಸುತ್ತಿನಲ್ಲಿ ಅಲಿ ಅಂಗಾತ ಬಿದ್ದ. ತಕ್ಷಣ ಎದ್ದನೆನ್ನಿ, ಆದರೆ ತೀರ್ಪು ಕೊಡುವ ಮೂವರ ಅಂಕವೂ ಫ್ರೇಜಿಯರ್‌ಗೇ.

1973ರ ಮಾರ್ಚ್ 31, ಸ್ಯಾನ್ ಡಿಯಾಗೊ, ಕೆನ್ ನಾರ್ಟನ್. ಇಲ್ಲಿಯೂ ಫಚ್ ಅವರ ತಲೆಯೇ. ಅಲಿಯ ಬಲಗೈ ಗಲ್ಲದ ಹತ್ತಿರ ನಿಲ್ಲುವುದಿಲ್ಲ. ಆದ್ದರಿಂದ ಅವನು ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಏಟು) ಹೊಡೆದಾಗಲೇ ನಾರ್ಟನ್ನೂ ಜ್ಯಾಬ್ ಹೊಡೆಯಬೇಕು, ಹೊಡೆಯುತ್ತ ಮುಂದೊತ್ತಿ ಅವನನ್ನು ಹಗ್ಗಕ್ಕೆ ತಳ್ಳಬೇಕು. ಆ ದಿನ ಅಲಿಯ ದವಡೆ ಮುರಿಯಿತು. ಯಾವ ಸುತ್ತಿನಲ್ಲಿ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಮೌತ್‌ಗಾರ್ಡ್ (ಹಲ್ಲು ಕಾಯಲು ಬಾಯಲ್ಲಿಡುವ ಕವಚ) ಕಚ್ಚಿ ಹಿಡಿಯದೆ ಬಾಯಿ ಬಿಟ್ಟುಕೊಂಡಿದ್ದರೆ ದವಡೆಗೆ ಆಧಾರ ಇರುವುದಿಲ್ಲ, ಪಕ್ಕದಿಂದ ಬಿದ್ದ ಸಾಧಾರಣ ಏಟಿಗೂ ಮುರಿದೀತು. ರಿಂಗ್‌ನಲ್ಲಿ ಮಾತಾಡುವವರು ಇದನ್ನು ನೆನಪಿಡಿ.

1978ರ ಫೆಬ್ರವರಿ 15ರಂದು ಲಾಸ್ ವೇಗಸ್‌ನಲ್ಲಿ ಸೋಲಿಸಿದ ಲಿಯಾನ್ ಸ್ಪಿಂಕ್ಸ್ ಅದುವರೆಗೆ ಆಡಿದ್ದ ವೃತ್ತಿಪರ ಪಂದ್ಯಗಳು ಏಳೇ! ಹುಡುಗ ದಣಿಯಲಿ ಎಂದು ಅಲಿ ಹಗ್ಗಕ್ಕೆ ಒರಗಿ ಮೊದಲ ಸುತ್ತುಗಳನ್ನು ಬಿಟ್ಟುಕೊಟ್ಟ. ಹುಡುಗ ದಣಿಯಲಿಲ್ಲ. ರಾತ್ರಿ ಹತ್ತಕ್ಕೆ ಧೀಂಗಿಣ (ಹಾರಿ ಗಿರಕಿ ಹೊಡೆಯುವ ಕುಣಿತ) ಹಾಕಿದ ಕಾಲಿಗೆ ಬೆಳಗಿನ ಜಾವ ಏನಾಗುತ್ತದೆಂದು ನಮ್ಮ ಕಡೆಯ ಯಕ್ಷಗಾನದವರಿಗೆ ಹೇಳಬೇಕಾಗಿಲ್ಲ. ಏಳು ತಿಂಗಳಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ಅದೇ ಸ್ಪಿಂಕ್ಸ್ ಎದುರು ಅಲಿ ವಿಶ್ವ ಹೆವಿವೇಟ್ ಪಟ್ಟ ವಾಪಸ್ ಗೆದ್ದ. ನಿಲ್ಲಿಸಬೇಕಿದ್ದರೆ ಅಲ್ಲೇ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. 1980ರ ಅಕ್ಟೋಬರ್ 2ರಂದು, 38ನೇ ವಯಸ್ಸಿನಲ್ಲಿ, ಹಿಂದೆ ತನ್ನ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್ ಎದುರು ಇಳಿದ. ತೂಕ ಇಳಿದು ಮೈ ನೋಡಲು ಚೆಂದವಿತ್ತು, ಒಳಗೆ ಕಸುವಿರಲಿಲ್ಲ. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದ. ಅದು ಹೆಚ್ಚಾದರೆ ಎದೆಬಡಿತ ಏರುತ್ತದೆ, ಸ್ನಾಯು ಸೋಲುತ್ತದೆ, ಸೆಕೆ ತಡೆಯಲಾಗುವುದಿಲ್ಲ. ಹತ್ತು ಸುತ್ತುಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕೊನೆಗೆ ರಿಂಗ್‌ನ ಮೂಲೆಯಲ್ಲಿದ್ದ ಅವನ ತರಬೇತುದಾರ ಏಂಜಲೊ ಡಂಡಿ "ಸಾಕು" ಅಂದರು. 1981ರ ಡಿಸೆಂಬರ್ 11ರಂದು ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ಅಂಕದಲ್ಲಿ ಸೋತದ್ದೇ ಕಡೆಯದು.

"ಹಾಗಾದರೆ ನಾಕೌಟ್ ಆದದ್ದು?" ಹೋಮ್ಸ್ ಪಂದ್ಯ ಅರ್ಧಕ್ಕೆ ನಿಂತದ್ದು ಹೌದು, ಆದರೆ ಹತ್ತು ಎಣಿಸುವವರೆಗೆ ಅಲಿ ನೆಲದಲ್ಲಿ ಬಿದ್ದುಕೊಂಡದ್ದು ಒಮ್ಮೆಯೂ ಇಲ್ಲ. 1971ರ ವಿಡಿಯೊ ನೋಡುವುದಾದರೆ 15ನೇ ಸುತ್ತನ್ನು ನಿಧಾನಗತಿಯಲ್ಲಿ ಓಡಿಸಿ. ಬೀಳುವುದನ್ನಲ್ಲ, ಅದಕ್ಕೆ ಮೊದಲು ಅಲಿಯ ಬಲ ಗ್ಲೌಸ್ ಎಲ್ಲಿದೆ ಎಂದು ನೋಡಿ.